ಜಗ್ಗಿ ನೋಡಿದರೆ ಸಾಕೆ?

ಗೋಡೆಗೆ ಬೋಲ್ಟ್ ಕೂರಿಸಿದ ಕೆಲಸಗಾರರು ಕೊನೆಗೊಮ್ಮೆ ಅದನ್ನು ಹಿಡಿದು ಬಲವಾಗಿ ಜಗ್ಗುವುದನ್ನು ನೀವು ನೋಡಿರಬಹುದು. ಅಲ್ಲಾಡದಿದ್ದರೆ ‘ಗಟ್ಟಿಯಾಗಿದೆ’ ಎನ್ನುತ್ತಾರೆ. ಮನೆಯವರೂ ನಿಶ್ಚಿಂತರಾಗುತ್ತಾರೆ. ಈ ಪರೀಕ್ಷೆ ಬೇಕು, ನಿಜ. ಆದರೆ ಇದೊಂದೇ ಸಾಕೆ? ಅಮೆರಿಕದ ಬಾಸ್ಟನ್ ನಗರದಲ್ಲಿ ಈ ಪ್ರಶ್ನೆಗೆ ದಾರುಣವಾದ ಉತ್ತರ ಸಿಕ್ಕಿತು.

2006ರ ಜುಲೈ 10ರ ರಾತ್ರಿ ದಂಪತಿಗಳಿಬ್ಬರು ಕಾರಿನಲ್ಲಿ ಅಲ್ಲಿನ ಸುರಂಗ ರಸ್ತೆಯೊಂದರಲ್ಲಿ ಸಾಗುತ್ತಿದ್ದರು. ಮೇಲೆ ತೂಗುಬಿಟ್ಟಿದ್ದ ಕಾಂಕ್ರೀಟ್ ಹಲಗೆಗಳು ಇದ್ದಕ್ಕಿದ್ದಂತೆ ಕಳಚಿ ಕಾರಿನ ಮೇಲೆ ಬಿದ್ದವು. ಬಿದ್ದ ಭಾರ ಸುಮಾರು 24 ಟನ್. ಹೆಂಡತಿ ಸ್ಥಳದಲ್ಲೇ ತೀರಿಕೊಂಡರು. ಗಂಡ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು. ಸುರಂಗ ಸಂಚಾರಕ್ಕೆ ತೆರೆದು ಆಗಿದ್ದುದು ಕೇವಲ ಮೂರು ವರ್ಷ.

ಬೋಲ್ಟುಗಳು ಮುರಿದಿರಲಿಲ್ಲ, ರಂಧ್ರದಿಂದ ಇಡಿಯಾಗಿ ಜಾರಿ ಬಂದಿದ್ದವು. ಮೇಲಿನ ಕಾಂಕ್ರೀಟಿನಲ್ಲಿ ರಂಧ್ರ ಕೊರೆದು, ಎಪಾಕ್ಸಿ ಅಂಟು ತುಂಬಿ, ಅದರೊಳಗೆ ಅವುಗಳನ್ನು ಕೂರಿಸಲಾಗಿತ್ತು. ಕೂರಿಸಿದಾಗ, ಹೊರಬೇಕಾದ ಭಾರಕ್ಕಿಂತ ಹೆಚ್ಚು ಬಲದಿಂದ ಎಳೆದು ಪರೀಕ್ಷಿಸಿಯೂ ಇದ್ದರು. ಹಾಗಾದರೆ ತಪ್ಪಿದ್ದೆಲ್ಲಿ?

ಉತ್ತರ ಅಂಟಿನ ಸ್ವಭಾವದಲ್ಲಿದೆ. ಎಪಾಕ್ಸಿ ಒಂದು ಪಾಲಿಮರ್, ಅಂದರೆ ಉದ್ದುದ್ದ ಅಣುಸರಪಳಿಗಳ ಹೆಣಿಗೆ. ಕ್ಷಣಕಾಲದ ಎಳೆತವನ್ನು ಅದು ಚೆನ್ನಾಗಿಯೇ ತಡೆಯುತ್ತದೆ. ಆದರೆ ಅದೇ ಎಳೆತ ಹಗಲಿರುಳು ಮುಂದುವರಿದರೆ ಅಂಟು ನಿಧಾನವಾಗಿ ಹಿಗ್ಗುತ್ತಾ, ಸರಿಯುತ್ತಾ ಹೋಗಬಹುದು. ವಿಜ್ಞಾನದಲ್ಲಿ ಇದಕ್ಕೆ ‘ಕ್ರೀಪ್’ ಎಂದು ಹೆಸರು, ತೆವಳುವಿಕೆ ಎನ್ನೋಣ. ಆ ಕಂಪನಿಯ ಅಂಟು ಸಾಧಾರಣ ಮತ್ತು ಬೇಗ ಗಟ್ಟಿಯಾಗುವ ಎಂಬ ಎರಡು ಬಗೆಯಲ್ಲಿ ಬರುತ್ತಿತ್ತು. ಸುರಂಗದಲ್ಲಿ ಬಳಸಿದ್ದು ಎರಡನೆಯದು. ದೀರ್ಘಕಾಲದ ಭಾರ ತಡೆಯುವ ಶಕ್ತಿ ಅದಕ್ಕಿರಲಿಲ್ಲ ಎಂದು 2007ರ ತನಿಖಾ ವರದಿ ಹೇಳಿತು.

ಎಚ್ಚರಿಕೆಯೂ ಮೊದಲೇ ಸಿಕ್ಕಿತ್ತು. 1999ರಲ್ಲಿ, ಕಟ್ಟುವ ಹಂತದಲ್ಲೇ, ಕೆಲವು ಬೋಲ್ಟುಗಳು ಕೆಳಗೆ ಸರಿದದ್ದು ಕಣ್ಣಿಗೆ ಬಿದ್ದಿತ್ತು. ಅವನ್ನು ಮತ್ತೆ ಕೂರಿಸಿ, ಮತ್ತೆ ಎಳೆದು ನೋಡಿದರು. ಸರಿದದ್ದೇಕೆ ಎಂಬ ಪ್ರಶ್ನೆಯ ಬೆನ್ನು ಹತ್ತಲಿಲ್ಲ.

ತೆವಳುವಿಕೆಯನ್ನು ವಿದ್ಯಾರ್ಥಿಗಳು ಮನೆಯಲ್ಲೇ ನೋಡಬಹುದು. ತೆಳು ಪ್ಲಾಸ್ಟಿಕ್ ಚೀಲದಿಂದ ಬೆರಳಗಲದ ಪಟ್ಟಿ ಕತ್ತರಿಸಿ, ಗೋಡೆಯ ಮೊಳೆಗೆ ಕಟ್ಟಿ, ಸ್ವಲ್ಪ ನೀರಿರುವ ಬಾಟಲಿಯನ್ನು ಅದಕ್ಕೆ ತೂಗುಹಾಕಿ. ಕೆಳಗೆ ದಿಂಬೊಂದಿರಲಿ. ಬಾಟಲಿಯ ತಳದ ಮಟ್ಟವನ್ನು ಗಂಟೆಗೊಮ್ಮೆ ಗುರುತಿಸಿ. ನೀರು ಹೆಚ್ಚಾಗದಿದ್ದರೂ ಪಟ್ಟಿ ಉದ್ದವಾಗುತ್ತಾ ಹೋಗುತ್ತದೆ.

ಇನ್ನು ಮನೆಯ ಕೆಲಸಕ್ಕೆ ಬರೋಣ. ಗೋಡೆಯ ಕಪಾಟಿನ ಭಾರ ಬೋಲ್ಟನ್ನು ಹೆಚ್ಚಾಗಿ ಕೆಳಕ್ಕೆ ಒತ್ತುತ್ತದೆ. ಛಾವಣಿಯಿಂದ ತೂಗುವ ಭಾರ ಅದನ್ನು ನೇರವಾಗಿ ಹೊರಕ್ಕೆ ಎಳೆಯುತ್ತದೆ. ಫ್ಯಾನಿನ ಕೊಕ್ಕೆಯನ್ನು ತಾರಸಿ ಹಾಕುವಾಗಲೇ ಕಬ್ಬಿಣದ ಸರಳುಗಳಿಗೆ ಸಿಕ್ಕಿಸುವುದು ಇದಕ್ಕಾಗಿಯೇ. ತಲೆಯ ಮೇಲೆ ತೂಗುವ ಭಾರಕ್ಕೆ, ಸತತ ಎಳೆತಕ್ಕೆ ಯೋಗ್ಯವೆಂದು ತಯಾರಕರು ಸ್ಪಷ್ಟವಾಗಿ ಹೇಳದ ಅಂಟು ಬೇಡ. ಅಂಟು ಬಳಸುವಲ್ಲಿ, ಕೊರೆದ ರಂಧ್ರದ ದೂಳನ್ನು ಬ್ರಷ್‌ನಿಂದ ಉಜ್ಜಿ, ಊದಿ ತೆಗೆಯಬೇಕು. ಇಲ್ಲದಿದ್ದರೆ ಅಂಟು ಹಿಡಿಯುವುದು ಕಾಂಕ್ರೀಟನ್ನಲ್ಲ, ದೂಳನ್ನು! ಪೊಟ್ಟಣದ ಮೇಲೆ ಹೇಳಿದಷ್ಟು ಹೊತ್ತು ಕಾಯದೆ ಭಾರ ಹೇರಬಾರದು. ಚಳಿಯಲ್ಲಿ ಅಂಟು ಗಟ್ಟಿಯಾಗಲು ಇನ್ನೂ ಹೆಚ್ಚು ಸಮಯ ಬೇಕು.

ಕೆಲಸ ಮುಗಿದ ಮೇಲೆ ಬೋಲ್ಟು ಗೋಡೆಯನ್ನು ಸೇರುವಲ್ಲಿ ಬಣ್ಣದ ಗೆರೆಯೊಂದನ್ನು ಎಳೆದಿಡಿ. ಆಗಾಗ ಅದರತ್ತ ಕಣ್ಣು ಹಾಯಿಸಿ. ಗೆರೆ ಕೂದಲೆಳೆಯಷ್ಟು ಹೊರಗೆ ಬಂದಿದ್ದರೂ ಮೊದಲು ಭಾರ ಇಳಿಸಿ. ಅದು ಸರಿದದ್ದೇಕೆ ಎಂದು ತಿಳಿದ ಮೇಲಷ್ಟೇ ಮತ್ತೆ ಕೂರಿಸುವ ಮಾತು.