ಉಪ್ಪಿನ ಹರಳೂ ಪರಮಾಣುವಿನ ಕವಚಗಳೂ

ನಾವು ದಿನವೂ ಅನ್ನದೊಡನೆ ಉಣ್ಣುವ ಉಪ್ಪಿನಲ್ಲಿ ಎರಡು ಮೂಲವಸ್ತುಗಳಿರುವುವು. ಸೋಡಿಯಮ್ ನೀರನ್ನು ಮುಟ್ಟಿದೊಡನೆ ಸಿಡಿದೇಳುವ ಲೋಹ. ಕ್ಲೋರಿನ್ ಉಸಿರುಕಟ್ಟಿಸುವ ವಿಷವಾಯು. ಇವೆರಡೂ ಕೂಡಿ ಹಿತವಾದ ಉಪ್ಪಾಗುವುದು ಹೇಗೆ?

ಪರಮಾಣುವಿನ ನಡುವೆ ಧನವಿದ್ಯುತ್ತುಳ್ಳ ಬೀಜವೂ, ಅದರ ಸುತ್ತಲೂ ಕವಚಗಳಲ್ಲಿ ಎಲೆಕ್ಟ್ರಾನುಗಳೂ ಇರುವುವು. 1913ರಲ್ಲಿ ಡೆನ್ಮಾರ್ಕಿನ ಪಂಡಿತರಾದ ನೀಲ್ಸ್ ಬೋರ್ ಅವರು ಈ ವಿವರಣೆಗೆ ದಾರಿತೋರಿದರು. ಕವಚಗಳೆಂದರೆ ಗ್ರಹಗಳ ಹಾದಿಗಳಂತಲ್ಲ. ಶಕ್ತಿಯ ಮೆಟ್ಟಲುಗಳೆಂದು ತಿಳಿಯತಕ್ಕದ್ದು. ಮೊದಲನೆಯದರಲ್ಲಿ 2, ಎರಡನೆಯದರಲ್ಲಿ 8 ಎಲೆಕ್ಟ್ರಾನುಗಳಿಗೆ ಮಾತ್ರವೇ ಸ್ಥಳವುಂಟು. ನಿಯಾನ್ ಅನಿಲದ 10 ಎಲೆಕ್ಟ್ರಾನುಗಳಿಂದ ಈ ಎರಡೂ ತುಂಬಿರುವುದರಿಂದ, ಅದು ಬೇರೆ ವಸ್ತುಗಳೊಡನೆ ಕೂಡಲೊಲ್ಲದು. ಸೋಡಿಯಮಿನಲ್ಲಿ 11, ಆ ಹನ್ನೊಂದನೆಯದು ಮೂರನೆಯ ಕವಚದಲ್ಲಿ ಒಂಟಿಯಾಗಿ, ಸಡಿಲವಾಗಿ ಇರುವುದು. ಒಂದೇ ಎಲೆಕ್ಟ್ರಾನಿನಿಂದ ಎಷ್ಟು ಭೇದ! ಕ್ಲೋರಿನಿನ 17ರಲ್ಲಿ ಹೊರಗವಚದವು 7. ಎಂಟಕ್ಕೆ ಒಂದು ಕೊರತೆ. ಸೋಡಿಯಮ್ ತನ್ನ ಒಂದನ್ನು ಕೊಡುವುದು, ಕ್ಲೋರಿನ್ ಕೊಳ್ಳುವುದು. ಹೀಗೆ ವಿರುದ್ಧ ವಿದ್ಯುತ್ತನ್ನು ಪಡೆದ ಇವು ಒಂದನ್ನೊಂದು ಆಕರ್ಷಿಸಿ ಹರಳಾಗುವುವು.

ಆದುದರಿಂದ ನಮ್ಮ ವಿದ್ಯಾರ್ಥಿನಿಯರು ಮೂಲವಸ್ತುಗಳ ಪಟ್ಟಿಯನ್ನು ಬರಿಯ ಬಾಯಿಪಾಠ ಮಾಡದೆ, ಹೊರಗವಚದ ಎಲೆಕ್ಟ್ರಾನುಗಳನ್ನು ಎಣಿಸಿ ನೋಡಲೆಂದು ನಾವು ಬಯಸುವೆವು. ವಸ್ತುವಿನ ನಡತೆಯ ಗುಟ್ಟು ಬಹುಮಟ್ಟಿಗೆ ಅಲ್ಲಿಯೇ ಅಡಗಿರುವುದು.