ಸಾಲದ ರಾಗ, ಸ್ವಂತದ ರುಜು

ಹಾಲೆಂಡಿನ ಹೇಗ್ ನಗರದ 'ಷಾಕಿಂಗ್ ಬ್ಲೂ' ತಂಡ 1969ರಲ್ಲಿ ಹೊರತಂದ ಆಲ್ಬಮ್‌ನ ಹೆಸರು 'ಅಟ್ ಹೋಮ್', ಅಂದರೆ 'ಮನೆಯಲ್ಲಿ'. ಎಷ್ಟೋ ಸಲ ಕೇಳಿದ ಮೇಲೂ ಈ ಶೀರ್ಷಿಕೆ ನನಗೆ ತಮಾಷೆಯಾಗಿಯೇ ಕಾಣುತ್ತದೆ. ಡಚ್ಚರ ಮನೆಯದು ಎನ್ನಬಹುದಾದ ಸ್ವರ ಅದರಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಭಾಷೆ ಇಂಗ್ಲಿಷ್, ಬೆನ್ನೆಲುಬು ಅಮೆರಿಕದ ರಾಕ್, ನಡುನಡುವೆ ಕಪ್ಪು ಜನರ ಬ್ಲೂಸ್, ಜನಪದದ ಛಾಯೆ, ಮೇಲೆ ಸಿತಾರ್. ಹಾಡಿದ ಮಾರಿಸ್ಕಾ ವೆರೆಸ್ ಹೇಗ್‌ನಲ್ಲೇ ಹುಟ್ಟಿದವರಾದರೂ ತಂದೆ ಹಂಗೆರಿಯ ರೋಮಾ ಪಿಟೀಲುವಾದಕ. ಮೊದಲ ಹಾಡಿನ ಹೆಸರು 'ಬೋಲ್ ವೀವಿಲ್'. ಮೆಕ್ಸಿಕೋದಿಂದ 1890ರ ದಶಕದಲ್ಲಿ ಅಮೆರಿಕದ ಹತ್ತಿ ಹೊಲಗಳಿಗೆ ನುಗ್ಗಿ ರೈತರನ್ನು ದಿವಾಳಿಯೆಬ್ಬಿಸಿದ ಹುಳುವಿನ ಹೆಸರದು. ಅದರ ಮೇಲೆ ಅಲ್ಲಿನ ಕಪ್ಪು ಕೂಲಿಕಾರರು ಹಾಡು ಕಟ್ಟಿಕೊಂಡಿದ್ದರು. ಹತ್ತಿ ಬೆಳೆಯದ ಹಾಲೆಂಡಿನ ಹುಡುಗರಿಗೆ ಅದರ ಉಸಾಬರಿ ಏಕೆ ಎಂದು ಕೇಳಬಹುದು. ನಾನು ಕೇಳುವುದಿಲ್ಲ. ಸಂಗೀತಕ್ಕೆ ಮಡಿಯಿಲ್ಲ.

ಆದರೆ ಎರವಲು ತಂದವನು ಯಾರಿಂದ ತಂದೆನೆಂದು ಹೇಳಬೇಕೋ ಬೇಡವೋ ಎಂಬ ಪ್ರಶ್ನೆ ಉಳಿಯುತ್ತದೆ. ಕುತೂಹಲದ ಸಂಗತಿಯೆಂದರೆ, ಇದೊಂದೇ ಆಲ್ಬಮ್‌ನಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳಿವೆ.

ಒಂದು, 'ಅಕ್ಕ ರಾಗ' ಎಂಬ ವಾದ್ಯರಚನೆ. ಹೆಸರು ಕೇಳಿ ಕನ್ನಡಿಗರ ಕಿವಿ ನೆಟ್ಟಗಾದೀತು. ನಮ್ಮ ಎಪ್ಪತ್ತೆರಡು ಮೇಳಗಳಲ್ಲಿ ಅದು ಸಿಗದು. ಕಲ್ಕತ್ತದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಜಾನ್ ಮೇಯರ್, ಜಮೈಕಾ ಮೂಲದ ಜಾಜ್ ವಾದಕ ಜೋ ಹ್ಯಾರಿಯಟ್ ಜೊತೆಗೂಡಿ ಭಾರತೀಯ ಸಂಗೀತವನ್ನೂ ಜಾಜ್ ಅನ್ನೂ ಬೆಸೆಯುತ್ತಿದ್ದ ದಿನಗಳಲ್ಲಿ ಮಾಡಿದ ಕೃತಿ ಅದು. ಡಚ್ಚರು ಅದನ್ನು ಸಿತಾರಿಗೆ ಅಳವಡಿಸಿಕೊಂಡರು. ರಚನೆಕಾರನ ಜಾಗದಲ್ಲಿ ಮೇಯರ್ ಹೆಸರನ್ನೇ ಹಾಕಿದರು. ಅಲ್ಲಿಗೆ ಲೆಕ್ಕ ಚುಕ್ತಾ.

ಇನ್ನೊಂದು, 'ವೀನಸ್'. ಈ ಹಾಡು 1970ರ ಫೆಬ್ರುವರಿಯಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಕೃತಿಕಾರನೆಂದು ನಮೂದಾದದ್ದು ತಂಡದ ಗಿಟಾರ್ ವಾದಕ ರಾಬಿ ವಾನ್ ಲೇವನ್ ಒಬ್ಬರ ಹೆಸರು. ಆದರೆ 'ಬಿಗ್ ತ್ರೀ' ಎಂಬ ಅಮೆರಿಕನ್ ಜನಪದ ತಂಡ 1963ರಲ್ಲಿ ಮುದ್ರಿಸಿದ 'ಬ್ಯಾಂಜೋ ಸಾಂಗ್' ಕೇಳಿದವರಿಗೆ ಅನುಮಾನ ಉಳಿಯುವುದಿಲ್ಲ. ಆರಂಭದ ಗಿಟಾರಿನ ಬಡಿತದಿಂದ ಹಿಡಿದು ಹಾಡಿನ ಓಟದವರೆಗೆ ಇವೆರಡೂ ಅವಳಿಗಳು. ಹಾಗೆಂದು ಆ 'ಬಿಗ್ ತ್ರೀ' ಹಾಡೂ ಪೂರ್ತಿ ಸ್ವಂತದ್ದಲ್ಲ. ಅದರ ಸಾಹಿತ್ಯ 1848ರಲ್ಲಿ ಪ್ರಕಟವಾದ ಸ್ಟೀಫನ್ ಫಾಸ್ಟರನ 'ಓ ಸುಸಾನ'. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದ ರಂಗಪ್ರದರ್ಶನಗಳ ಮೂಲಕ ಜನಪ್ರಿಯವಾದ ಹಾಡು ಅದು. ಆ ಪ್ರದರ್ಶನಗಳ ಮುಖ್ಯ ವಾದ್ಯವಾದ ಬ್ಯಾಂಜೋದ ಮೂಲ ಆಫ್ರಿಕಾ. ಎಳೆ ಹಿಡಿದು ಹೊರಟರೆ ಬಟ್ಟೆಯೇ ಬಿಚ್ಚಿಕೊಳ್ಳುತ್ತದೆ!

ಹೀಗಿದ್ದೂ 'ವೀನಸ್' ನನಗೆ ಇಷ್ಟ. ಮಾರಿಸ್ಕಾ ಅವರ ಗಡುಸಾದ, ಎಲ್ಲಿಯೂ ಬಾಗದ ದನಿ 'ಬಿಗ್ ತ್ರೀ' ಹಾಡಿನಲ್ಲಿಲ್ಲ. ಅದು ಎಲ್ಲಿಂದಲೂ ಎರವಲು ತಂದದ್ದಲ್ಲ. 2006ರಲ್ಲಿ ಅವರು ತೀರಿಕೊಂಡರು.

ಮುಂದೆ ಸಾಲ ಕೊಡುವ ಸರದಿ ಡಚ್ಚರದಾಯಿತು. ಇದೇ ಆಲ್ಬಮ್‌ನ 'ಲವ್ ಬಝ್' ಹಾಡನ್ನು ಅಮೆರಿಕದ 'ನಿರ್ವಾಣ' ತಂಡ 1988ರಲ್ಲಿ ತನ್ನ ಚೊಚ್ಚಲ ಮುದ್ರಿಕೆಯಾಗಿ ಒಂದು ಸಾವಿರ ಪ್ರತಿಗಳಲ್ಲಿ ಹೊರತಂದಿತು. ಹೆಸರು ನಿರ್ವಾಣವಾದರೂ ಆ ತಂಡ ಮೊದಲು ಕೈಬಿಟ್ಟದ್ದು ಸಿತಾರನ್ನೇ. ವಾನ್ ಲೇವನ್ ಹೆಸರನ್ನು ಮಾತ್ರ ಬಿಡಲಿಲ್ಲ.

ಇದಕ್ಕೂ ಮೊದಲು, 'ವೀನಸ್'ನ ಹಕ್ಕುದಾರ ವಿಲೆಮ್ ವಾನ್ ಕೋಟನ್ ಅಂಗಡಿಯೊಂದರಲ್ಲಿ ಜನಪ್ರಿಯ ಹಾಡುಗಳ ತುಣುಕು ಪೋಣಿಸಿದ ಕಳ್ಳಮುದ್ರಿಕೆ ಕೇಳಿದರು. ತಮ್ಮ 'ವೀನಸ್' ಅದರಲ್ಲಿ ಅನುಮತಿಯಿಲ್ಲದೆ ಸೇರಿತ್ತು. ಅವರು ಸುಮ್ಮನೆ ಕೂರಲಿಲ್ಲ. ಅಂಥದೇ ಮಾಲೆಯನ್ನು ಬೇರೆ ಗಾಯಕರಿಂದ ಹಾಡಿಸಿ, ಕಾನೂನುಬದ್ಧವಾಗಿ ಮಾರುಕಟ್ಟೆಗಿಳಿಸಿದರು. 'ಸ್ಟಾರ್ಸ್ ಆನ್ 45' ಎಂಬ ಆ ಮುದ್ರಿಕೆ 1981ರ ಜೂನ್‌ನಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಬಳಸಿದ ಹಾಡುಗಳ ಹೆಸರನ್ನೆಲ್ಲ ಅಚ್ಚು ಹಾಕಲೇಬೇಕಾಗಿದ್ದರಿಂದ ಅಲ್ಲಿನ ಬಿಲ್ಲೆಯ ಶೀರ್ಷಿಕೆ ನಲವತ್ತು ಪದ ದಾಟಿತ್ತು. ಆ ಪಟ್ಟಿಯ ಮೊದಲ ಹಾಡು 'ವೀನಸ್'. 'ಬ್ಯಾಂಜೋ ಸಾಂಗ್' ಹೆಸರು ಅದರಲ್ಲಿ ಇರಲಿಲ್ಲ.