ಗ್ಯಾಲರಿಯ ಸಂಜೆ: ಚಿತ್ರ ಕೊಳ್ಳುವ ವರ್ತಕರು ಕೇಳಿ ಪಡೆಯಬೇಕಾದ ಕಾಗದ

ತುಮಕೂರಿನ ಮಂಡಿಪೇಟೆಯಲ್ಲಿ ಮಧ್ಯಾಹ್ನದ ವ್ಯಾಪಾರ ಮುಗಿಸಿ ಹೊರಟ ವರ್ತಕರು ಸಂಜೆ ಐದರ ಸುಮಾರಿಗೆ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿರಬಹುದು. ದೂರ ಸುಮಾರು 70 ಕಿ.ಮೀ. ಗುಬ್ಬಿಯವರಿಗೆ ಇನ್ನೊಂದಿಪ್ಪತ್ತು ಕಿ.ಮೀ. ಹೆಚ್ಚು, ಕುಣಿಗಲ್‌ನವರು ಮಂಗಳೂರು ಹೆದ್ದಾರಿ ಹಿಡಿದು ಬಂದರೆ ಬಹುತೇಕ ಅಷ್ಟೇ ದೂರ. ಯಂತ್ರದ ಬಿಡಿಭಾಗ, ಬ್ಯಾಂಕಿನ ಪ್ರಾದೇಶಿಕ ಕಚೇರಿ, ಆಸ್ಪತ್ರೆ, ಮದುವೆ ಮುಂತಾದ ಕಾರಣಗಳಿಗಾಗಿ ಈ ದಾರಿಯನ್ನು ತಿಂಗಳಿಗೆ ಹಲವು ಬಾರಿ ತುಳಿಯುವವರಲ್ಲಿ ಚಿತ್ರಪ್ರದರ್ಶನದ ಉದ್ಘಾಟನೆಗೆಂದೇ ಹೋದವರು ಬೆರಳೆಣಿಕೆಯಷ್ಟು. ಆದರೆ ಹೊಸ ಮನೆ, ಹೊಸ ಕಚೇರಿ, ನರ್ಸಿಂಗ್ ಹೋಮ್, ಕಲ್ಯಾಣ ಮಂಟಪಗಳ ಗೋಡೆಗಳಿಗೆ ಒಂದೆರಡು ಒಳ್ಳೆಯ ಚಿತ್ರ ಬೇಕೆಂಬ ಆಸೆ ಜಿಲ್ಲೆಯ ಉದ್ಯಮಿಗಳಲ್ಲಿಯೂ ಮೂಡಿದೆ. ಆ ಆಸೆಯಿಂದ ಹೊರಟವರು ಒಂದು ಸಂಜೆಯಲ್ಲಿ ಏನನ್ನು ಕಾಣುತ್ತಾರೆ, ಹಣ ಕೊಟ್ಟು ಏನನ್ನು ತರುತ್ತಾರೆ, ಏನನ್ನು ತರಲು ಮರೆಯುತ್ತಾರೆ ಎಂಬುದು ವಿಚಾರಾರ್ಹ.

ಮೊದಲ ನಿಲುಗಡೆ ಸಾಮಾನ್ಯವಾಗಿ 1960ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಚಿತ್ರಕಲಾ ಪರಿಷತ್ತು. ಇಲ್ಲಿಯ ಪ್ರದರ್ಶನಾಂಗಣಗಳನ್ನು ಕಲಾವಿದರು ದಿನಬಾಡಿಗೆಗೆ ಪಡೆಯುತ್ತಾರೆ. ಉದ್ಘಾಟನೆಯ ಕ್ರಮ ನಮ್ಮವರಿಗೆ ಪರಿಚಿತವಾದದ್ದೇ: ದೀಪ, ಹಾರ, ಶಾಲು, ಮುಖ್ಯ ಅತಿಥಿಗಳ ಭಾಷಣ, ಕಾಫಿ, ಬಿಸ್ಕತ್ತು. ಊರಿನಿಂದ ಬಂದ ಬಂಧುಬಳಗ ಒಂದು ಮೂಲೆಯಲ್ಲಿ, ಕಲಾವಿದರ ಗುರುಗಳು ಇನ್ನೊಂದು ಮೂಲೆಯಲ್ಲಿ. ಚಿತ್ರದ ಪಕ್ಕದ ಚೀಟಿಯಲ್ಲಿ ಹೆಸರು, ಅಳತೆ, ಮಾಧ್ಯಮ ಹಾಗೂ ಬಹುಮಟ್ಟಿಗೆ ಬೆಲೆಯೂ ಇರುತ್ತದೆ. ಬೆಲೆಯ ಬಗ್ಗೆ ಮಾತನಾಡಿದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ.

ಖಾಸಗಿ ಗ್ಯಾಲರಿಗಳ ರೀತಿಯೇ ಬೇರೆ. ಅಲ್ಲಿ ದೀಪವೂ ಇಲ್ಲ, ಶಾಲೂ ಇಲ್ಲ. ಬಿಳಿಯ ಗೋಡೆ, ಮೆಲುದನಿಯ ಮಾತು, ಕೈಯಲ್ಲಿ ಗ್ಲಾಸು ಹಿಡಿದು ನಿಂತ ಜನ. ಚಿತ್ರದ ಪಕ್ಕದಲ್ಲಿ ಬೆಲೆ ಇರುವುದಿಲ್ಲ. ಬೆಲೆಪಟ್ಟಿ ಮೇಜಿನ ಮೇಲಿನ ಕಡತದಲ್ಲಿದ್ದು, ಕೇಳಿದವರಿಗೆ ಮಾತ್ರ ತೋರಿಸುತ್ತಾರೆ. ಮಾರಾಟವಾದ ಚಿತ್ರದ ಚೀಟಿಗೆ ಒಂದು ಸಣ್ಣ ಕೆಂಪು ಚುಕ್ಕಿ ಅಂಟಿಸುವುದು ರೂಢಿ. ಮೊದಲ ಅರ್ಧ ಗಂಟೆಯಲ್ಲಿಯೇ ಮೂರು ನಾಲ್ಕು ಚುಕ್ಕಿಗಳು ಬಿದ್ದರೆ ಉಳಿದವರಿಗೂ ಅವಸರ ಹುಟ್ಟುತ್ತದೆ. ಮಾರುಕಟ್ಟೆಯ ಹರಾಜಿನಲ್ಲಿ ನಿಂತು ಅನುಭವವಿರುವವರಿಗೆ ಈ ಅವಸರದ ಮರ್ಮವನ್ನು ವಿವರಿಸಬೇಕಾಗಿಲ್ಲ. ಕಾದಿರಿಸಿದ ಚಿತ್ರಕ್ಕೂ ಕೆಲವೆಡೆ ಚುಕ್ಕಿ ಹಚ್ಚುವುದುಂಟು. ಚುಕ್ಕಿಯೆಂದರೆ ಹಣ ಕೈಸೇರಿದೆ ಎಂದೇ ಅರ್ಥವಲ್ಲ.

ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಖಾಸಗಿ ಗ್ಯಾಲರಿಯು ಒಂದು ಕಮಿಷನ್ ಮಂಡಿಯೇ ಸರಿ. ಮಾಲು ಕಲಾವಿದರದು, ಮಾರುವ ಜವಾಬ್ದಾರಿ ಗ್ಯಾಲರಿಯದು, ಮಾರಾಟವಾದ ಮೇಲೆ ಕಮಿಷನ್ ಮುರಿದುಕೊಂಡು ಉಳಿದದ್ದನ್ನು ಕೊಡುವುದು ಕ್ರಮ. ಅಡಿಕೆ, ಕೊಬ್ಬರಿಯ ಕಮಿಷನ್ನಿಗೆ ಹೊಂದಿಕೊಂಡ ಕಿವಿಗೆ ಇಲ್ಲಿಯ ದರ ಗಾಬರಿ ಹುಟ್ಟಿಸುವಂಥದು: ಬೆಲೆಯ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ. ಬಾಡಿಗೆ, ವಿದ್ಯುತ್ತು, ಕ್ಯಾಟಲಾಗ್ ಮುದ್ರಣ, ವರ್ಷಗಟ್ಟಲೆ ಗಿರಾಕಿಗಳನ್ನು ಕಾಯ್ದುಕೊಳ್ಳುವ ಶ್ರಮ ಇವೆಲ್ಲ ಅದರಲ್ಲಿ ಸೇರಿವೆಯೆಂಬುದು ನಿಜ. ಉದಾಹರಣೆಗೆ 60,000 ರೂಪಾಯಿಯ ಚಿತ್ರವೊಂದಕ್ಕೆ ಶೇ. 40ರ ಕಮಿಷನ್ ಎಂದರೆ 24,000 ರೂಪಾಯಿ. ಕಲಾವಿದರಿಗೆ ಬರುವ 36,000ದಲ್ಲಿ ಕ್ಯಾನ್ವಾಸ್, ಬಣ್ಣ, ಚೌಕಟ್ಟು, ಸಾಗಣೆಗೆ 8,000 ಹೋದರೆ ಉಳಿಯುವುದು 28,000. ಚಿತ್ರಕ್ಕೆ ಎರಡು ತಿಂಗಳು ಹಿಡಿದಿದ್ದರೆ ತಿಂಗಳ ಆದಾಯ ಎಷ್ಟೆಂಬುದನ್ನು ಓದುಗರೇ ಲೆಕ್ಕ ಹಾಕಬಹುದು. ಚೌಕಾಸಿ ಮಾಡುವವರು ಈ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಂಡು ಮಾಡುವುದು ಲೇಸು.

ಬಿಲ್ಲಿಲ್ಲದ ಚಿತ್ರ

ಇಲ್ಲಿಯೇ ವಿಚಿತ್ರವೊಂದು ಕಾಣುತ್ತದೆ. ಒಂದು ಲೋಡು ಸಿಮೆಂಟಿಗೂ ಬಿಲ್ಲು ಕೇಳುವ, ಬಿಳಿಚೀಟಿ ವ್ಯವಹಾರದ ಅಪಾಯವನ್ನು ಚೆನ್ನಾಗಿ ಬಲ್ಲ ವರ್ತಕರು ಚಿತ್ರ ಕೊಳ್ಳುವಾಗ ಮಾತ್ರ ನಗದು ಎಣಿಸಿಕೊಟ್ಟು, ಕೈಕುಲುಕಿ, ಚಿತ್ರವನ್ನು ಕಾರಿನ ಹಿಂಬದಿಯಲ್ಲಿಟ್ಟು ಬಂದುಬಿಡುತ್ತಾರೆ. ಕಲೆಗೆ ರಸೀದಿ ಕೇಳುವುದು ಸಣ್ಣತನವೆಂಬ ಸಂಕೋಚ ಇದಕ್ಕೆ ಕಾರಣವಿರಬಹುದು. ಸಂಕೋಚದ ಬೆಲೆ ಎಷ್ಟೆಂಬುದನ್ನು ನೋಡೋಣ.

ಹಿಂದೆ ಮನೆಯ ಚಿತ್ರಗಳು ವೈಯಕ್ತಿಕ ವಸ್ತುಗಳ ಸಾಲಿಗೆ ಸೇರಿ ಬಂಡವಾಳ ಲಾಭದ ತೆರಿಗೆಯಿಂದ ಹೊರಗಿದ್ದವು. 2007ರ ಹಣಕಾಸು ಕಾಯ್ದೆಯ ತಿದ್ದುಪಡಿಯಿಂದ, 2008ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ, ವರ್ಣಚಿತ್ರ, ರೇಖಾಚಿತ್ರ, ಶಿಲ್ಪ ಹಾಗೂ ಇತರ ಕಲಾಕೃತಿಗಳು ಬಂಡವಾಳ ಆಸ್ತಿಗಳಾದವು. 2024ರ ಜುಲೈ 23ರ ನಂತರದ ಮಾರಾಟಗಳಲ್ಲಿ, 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡಿದ್ದ ಚಿತ್ರದ ಲಾಭಕ್ಕೆ ಶೇ. 12.5ರ ದರ, ಹಣದುಬ್ಬರದ ಹೊಂದಾಣಿಕೆ ಇಲ್ಲ. ಮೇಲೆ ಹೇಳಿದ ಚಿತ್ರವನ್ನು ತೆರಿಗೆ ಸೇರಿ 63,000ಕ್ಕೆ ಕೊಂಡು, ಐದು ವರ್ಷಗಳ ನಂತರ 1,50,000ಕ್ಕೆ ಮಾರಿದರೆ ಲಾಭ 87,000. ತೆರಿಗೆ 10,875 ರೂಪಾಯಿ. ಕೊಂಡ ಬೆಲೆಗೆ ಯಾವ ದಾಖಲೆಯೂ ಇಲ್ಲದೆ, ಅಧಿಕಾರಿಯು ಆ ವೆಚ್ಚವನ್ನು ಒಪ್ಪದಿದ್ದರೆ ಪೂರ್ತಿ 1,50,000 ಲಾಭವೆನಿಸಿ ತೆರಿಗೆ 18,750 ಆಗುತ್ತದೆ. ಸೆಸ್ ಪ್ರತ್ಯೇಕ. ಒಂದು ಹಾಳೆ ಬಿಲ್ಲಿನ ಬೆಲೆ 7,875 ರೂಪಾಯಿ!

ಸರಕು ಮತ್ತು ಸೇವಾ ತೆರಿಗೆಯ ವಿಷಯದಲ್ಲಿ ಕೊಳ್ಳುವವರಿಗೆ ಈಗ ಅನುಕೂಲವೇ ಆಗಿದೆ. ಕೈಯಿಂದ ರಚಿಸಿದ ಚಿತ್ರಗಳಿಗೂ ಮೂಲ ಶಿಲ್ಪಗಳಿಗೂ ಇದ್ದ ಶೇ. 12ರ ದರವು 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಯಿತು. 60,000ದ ಚಿತ್ರಕ್ಕೆ 7,200 ಇದ್ದದ್ದು 3,000 ಆಯಿತು. ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟದ ಕಲಾವಿದರು ತಮ್ಮ ಚಿತ್ರಗಳನ್ನು ರಾಜ್ಯದೊಳಗೆ ನೇರವಾಗಿ ಮಾರುವಾಗ ಸಾಮಾನ್ಯವಾಗಿ ನೋಂದಣಿಯ ಅಗತ್ಯವಿಲ್ಲ. ಅವರಿಂದ ತೆರಿಗೆ ಬಿಲ್ಲಿನ ಬದಲು ಸಾದಾ ರಸೀದಿಯನ್ನೇ ಪಡೆಯಬೇಕು. ಕ್ಯಾನ್ವಾಸಿನ ಮೇಲೆ ಯಂತ್ರದಲ್ಲಿ ಮುದ್ರಿಸಿದ ಪ್ರತಿಯು ಬೇರೆ ಶೀರ್ಷಿಕೆಯ ಸರಕು. ಮುದ್ರಿತ ಪ್ರತಿಯ ಮೇಲೆ ಅಲ್ಲಲ್ಲಿ ಬಣ್ಣ ಸವರಿ ಮೂಲಚಿತ್ರವೆಂದು ಮಾರುವವರಿಲ್ಲದಿಲ್ಲ. ಆದುದರಿಂದ ರಸೀದಿಯಲ್ಲಿ ಕಲಾವಿದರ ಹೆಸರು, ಚಿತ್ರದ ಹೆಸರು, ವರ್ಷ, ಅಳತೆ, ಮಾಧ್ಯಮ, ಕೈಯಿಂದ ರಚಿಸಿದ ಮೂಲಕೃತಿ ಎಂಬ ಒಕ್ಕಣೆ ಇರತಕ್ಕದ್ದು. ಕುಣಿಗಲ್‌ನ ಕುದುರೆ ಫಾರಂ ಬಲ್ಲವರಿಗೆ ಇದು ಹೊಸ ಮಾತಲ್ಲ. ಪಂದ್ಯದ ಕುದುರೆಯ ಬೆಲೆ ಅದರ ಮೈಕಟ್ಟಿನಲ್ಲಿ ಎಷ್ಟಿದೆಯೋ ವಂಶಾವಳಿಯ ಕಾಗದದಲ್ಲಿಯೂ ಅಷ್ಟೇ ಇದೆ.

ಹಬ್ಬಕ್ಕೆ ಚಿತ್ರವನ್ನು ಉಡುಗೊರೆಯಾಗಿ ಕೊಡುವವರು ಎರಡು ಸಂಗತಿ ಗಮನಿಸಬೇಕು. ಉಡುಗೊರೆಯಾಗಿ ಕೊಟ್ಟ ಸರಕಿನ ಮೇಲಿನ ಹೂಡುವಳಿ ತೆರಿಗೆಯ ಜಮೆ ದೊರೆಯದು. ಬಂಧುಗಳಲ್ಲದವರಿಂದ ವರ್ಷದಲ್ಲಿ 50,000 ರೂಪಾಯಿಗಿಂತ ಹೆಚ್ಚು ಮೌಲ್ಯದ ಕಲಾಕೃತಿಗಳು ಉಚಿತವಾಗಿ ಬಂದರೆ ಪಡೆದವರ ಆದಾಯಕ್ಕೆ ಅದು ಸೇರುತ್ತದೆ.

ಕ್ಯಾಲೆಂಡರಿನ ತಂಟೆ

ಚಿತ್ರ ಕೊಂಡವರು ಸುಲಭವಾಗಿ ಎಡವುವ ಜಾಗ ಇನ್ನೊಂದಿದೆ. ಹಣ ಕೊಟ್ಟು ತಂದ ಚಿತ್ರ ತಮ್ಮದೇ ಎಂದು ಭಾವಿಸಿ ಅದನ್ನು ಅಂಗಡಿಯ ಕ್ಯಾಲೆಂಡರಿಗೆ, ಡೈರಿಗೆ, ಅಗರಬತ್ತಿ ಪೊಟ್ಟಣಕ್ಕೆ ಅಚ್ಚು ಹಾಕಿಸುವುದು. ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಿದ್ಧವಾಗಿದ್ದ ಚಿತ್ರವನ್ನು ಕೊಂಡವರಿಗೆ ಸಿಗುವುದು ಆ ಕ್ಯಾನ್ವಾಸು ಮಾತ್ರ. ಪ್ರತಿ ತೆಗೆಯುವ ಹಕ್ಕು ಬರವಣಿಗೆಯಲ್ಲಿ ವರ್ಗಾವಣೆಯಾಗದ ಹೊರತು ಕಲಾವಿದರಲ್ಲಿಯೇ ಉಳಿಯುತ್ತದೆ. ಇದಕ್ಕೆ ಪ್ರತಿಯಾಗಿ, ಹಣ ಕೊಟ್ಟು ಹೇಳಿ ಬರೆಸಿದ ಚಿತ್ರದಲ್ಲಿ, ಬೇರೆ ಕರಾರು ಇಲ್ಲದಿದ್ದರೆ, ಬರೆಸಿದವರೇ ಆ ಹಕ್ಕಿನ ಮೊದಲ ಒಡೆಯರು. ಎರಡು ಸಂದರ್ಭಗಳಿಗೂ ನಾಲ್ಕು ಸಾಲಿನ ಪತ್ರ ಸಾಕು. 10,000 ರೂಪಾಯಿ ಮೀರಿದ ಮರುಮಾರಾಟದ ಬೆಲೆಯಲ್ಲಿ ಮೂಲ ಕಲಾವಿದರಿಗೆ ಶೇ. 10ನ್ನು ಮೀರದ ಪಾಲು ಕೇಳುವ ಹಕ್ಕನ್ನೂ ಅದೇ ಕಾಯ್ದೆ ಕೊಟ್ಟಿದೆ, ಕೇಳುವವರು ವಿರಳ.

ಕಲಾವಿದರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಈ ರಕ್ಷಣೆ ಇರುತ್ತದೆ. 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದು ದೇವರ ಚಿತ್ರಗಳನ್ನು ಮನೆಮನೆಗೆ ಮುಟ್ಟಿಸಿದ ರಾಜಾ ರವಿವರ್ಮರು ನಿಧನರಾದದ್ದು 1906ರಲ್ಲಿ. ಅವರ ಚಿತ್ರಗಳನ್ನು ಯಾರು ಬೇಕಾದರೂ ಮುದ್ರಿಸಬಹುದು. ಮೈಸೂರು ಸಂಸ್ಥಾನದ ಹೆಸರಾಂತ ಕಲಾವಿದ ಕೆ. ವೆಂಕಟಪ್ಪನವರು 1965ರಲ್ಲಿ ನಿಧನರಾದರು. ಅವರ ಚಿತ್ರಗಳ ರಕ್ಷಣೆಯ ಅವಧಿ 2025ರ ಡಿಸೆಂಬರ್ 31ರವರೆಗೆ. ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆ ಇದೆ. ಸಂಜೆಯ ತಿರುಗಾಟದಲ್ಲಿ ಅಲ್ಲಿಗೆ ಹೋದವರು ಒಂದು ಸಂಗತಿ ನೆನೆಯಬೇಕು: ಅಷ್ಟು ಮಾನ್ಯರಾಗಿದ್ದ ಆ ಕಲಾವಿದರೂ ಅರಮನೆಗೆ ಮಾಡಿದ ಕೆಲಸದ ಸಂಬಂಧ 1940ರ ದಶಕದಲ್ಲಿ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು.

ಅದೇ ರಸ್ತೆಯಲ್ಲಿ 2023ರ ಫೆಬ್ರವರಿಯಲ್ಲಿ ಕಲೆ ಮತ್ತು ಛಾಯಾಚಿತ್ರಗಳ ದೊಡ್ಡ ಸಂಗ್ರಹಾಲಯವೊಂದು ತೆರೆಯಿತು. ಅದರ ಬುನಾದಿ ಉದ್ಯಮಿ ಅಭಿಷೇಕ್ ಪೊದ್ದಾರ್ ಅವರ ಸ್ವಂತ ಸಂಗ್ರಹ. ಚಿತ್ರಕಲಾ ಪರಿಷತ್ತಿನಲ್ಲಿಯೂ ಉದ್ಯಮಿ ಎಚ್.ಕೆ. ಕೇಜ್ರಿವಾಲ್ ಅವರು ಕೊಟ್ಟ ಸಂಗ್ರಹವಿದೆ. ವ್ಯಾಪಾರದವರು ಒಂದೊಂದಾಗಿ ಕೊಂಡದ್ದೇ ಕಡೆಗೆ ಊರಿನ ಆಸ್ತಿಯಾದ ನಿದರ್ಶನಗಳಿವು.

ಊರಿನ ಕಲಾವಿದರು

ನಮ್ಮ ಜಿಲ್ಲೆಗೆ ಹಣ ಕೊಟ್ಟು ಚಿತ್ರ ನೋಡುವುದು ಹೊಸತೇನಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಟಿಕೆಟ್ಟು ಕೊಂಡವರು ಹಾಡು, ಮಾತುಗಳ ಜೊತೆಗೆ ಅರಮನೆ, ಬೀದಿ, ಕಾಡುಗಳ ಬರೆದ ಪರದೆಗಳನ್ನೂ ಕಂಡು ಬಂದವರೇ. ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದ ವೀರಣ್ಣನವರು ನೋಟಕ್ಕೆ ಬೆಲೆಯುಂಟೆಂಬುದನ್ನು ಚೆನ್ನಾಗಿ ಅರಿತಿದ್ದರು. ಪರದೆ ಬರೆಯುತ್ತಿದ್ದಂಥ ಕೈಗಳಿಗೆ ಕಂಪನಿಗಳ ಕಾಲ ಮುಗಿದ ಮೇಲೆ ಅಂಗಡಿಯ ಬೋರ್ಡು ದೊರೆಯಿತು. ಫ್ಲೆಕ್ಸ್ ಬಂದ ಮೇಲೆ ಅದೂ ಹೋಯಿತು.

ಇಂದು ತುಮಕೂರು, ಗುಬ್ಬಿ, ಕುಣಿಗಲ್‌ಗಳಲ್ಲಿ ಚಿತ್ರ ಬರೆಯುವವರು ಬಹುಮಟ್ಟಿಗೆ ಡ್ರಾಯಿಂಗ್ ಮೇಷ್ಟ್ರುಗಳು, ಕಲಾಶಾಲೆಯಿಂದ ಹೊರಬಂದ ಯುವಕ ಯುವತಿಯರು. ಬೆಂಗಳೂರಿನ ಬಿಳಿಗೋಡೆಯ ಗ್ಯಾಲರಿ ಇವರಿಗೆ ಸುಲಭವಾಗಿ ಬಾಗಿಲು ತೆರೆಯುವುದಿಲ್ಲ. ಬಾಡಿಗೆ ಅಂಗಣವನ್ನೋ, ಪರಿಷತ್ತು 2003ರಿಂದ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ನಡೆಸುತ್ತ ಬಂದಿರುವ ಚಿತ್ರಸಂತೆಯನ್ನೋ ನೆಚ್ಚಬೇಕು. ಅವರಿಂದ ಊರಿನಲ್ಲಿಯೇ ನೇರವಾಗಿ ಕೊಳ್ಳುವ ವರ್ತಕರಿಗೆ ಕಮಿಷನ್ನಿನ ಭಾರವಿಲ್ಲ; 60,000ದ ಚಿತ್ರ 45,000ಕ್ಕೆ ದೊರೆತರೂ ಕಲಾವಿದರಿಗೆ 9,000 ಹೆಚ್ಚೇ ಸಿಕ್ಕಂತಾಗುತ್ತದೆ. ಚೆಕ್ಕಿನಲ್ಲಿ ಅಥವಾ ಬ್ಯಾಂಕ್ ವರ್ಗಾವಣೆಯಲ್ಲಿ ಹಣ ಕೊಟ್ಟರೆ ಕಲಾವಿದರ ಖಾತೆಯಲ್ಲಿ ಆದಾಯದ ಗುರುತು ಉಳಿದು, ಮುಂದೆ ಅವರು ಸಾಲ ಕೇಳಿದಾಗ ಬ್ಯಾಂಕಿಗೆ ತೋರಿಸಲು ಒಂದು ದಾಖಲೆಯಾಗುತ್ತದೆ. ನಗದು ಪಡೆದವರ ಬಳಿ ಇಲ್ಲದಿರುವುದು ಇದೇ.

ಬಾಡಿಗೆ ಅಂಗಣದ ಪ್ರದರ್ಶನ ಮುಗಿಯುವ ದಿನ ಸಂಜೆ ಅಲ್ಲಿ ದೀಪವಿಲ್ಲ, ಭಾಷಣವಿಲ್ಲ. ಮಾರಾಟವಾಗದ ಚಿತ್ರಗಳನ್ನು ಗೋಡೆಯಿಂದಿಳಿಸಿ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಹಗ್ಗ ಬಿಗಿದು, ಊರಿಗೆ ಮರಳುವ ಗೂಡ್ಸ್ ವಾಹನಕ್ಕೆ ಬಾಡಿಗೆ ಮಾತನಾಡುತ್ತಿರುತ್ತಾರೆ. ಬೆಲೆಪಟ್ಟಿ ಇನ್ನೂ ಮೇಜಿನ ಮೇಲೆ ಇರುತ್ತದೆ. ಆ ಹೊತ್ತಿಗೆ ಹೋದವರಿಗೆ ಚಿತ್ರ ಬರೆದವರ ಜೊತೆ ನಿಧಾನವಾಗಿ ಕುಳಿತು ಮಾತನಾಡಲು, ರಸೀದಿ ಬರೆಸಿಕೊಳ್ಳಲು ಬೇಕಾದಷ್ಟು ಸಮಯ ಸಿಗುತ್ತದೆ.